ಹಿತ್ತಿಲು ಮಾರಿದ ವಾರ

ನಮ್ಮ ಜಾಲತಾಣ ಮಾರಾಟವಾಗಿದೆ ಎಂದು ನನಗೆ ತಿಳಿದದ್ದು ಮೈಸೂರಿನಿಂದ ಬಂದ ಒಂದು ಫೋನಿನಿಂದ. ಆಗ ನಾನು ಕೋಲ್ಕತ್ತದಲ್ಲಿ, ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ನದಿಯ ಹೂಳನ್ನು ಜರಡಿ ಹಿಡಿಯುತ್ತಿದ್ದೆ. ಕೈಗವಸು ತೆಗೆಯುವಷ್ಟು ಪುರುಸೊತ್ತಿಲ್ಲದೆ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೆ.

“ಕೊಟ್ಟುಬಿಟ್ಟೆ ಕಣಮ್ಮ,” ಅಂದರು ಅಕ್ಕ. “ಇನ್ನು ನನ್ನ ಕೈಲಾಗಲ್ಲ. ಇವರಿಗೆ ಸ್ಟ್ರೋಕ್ ಆದಮೇಲೆ ರಾತ್ರಿ ಹಗಲು ಅವರ ಹತ್ತಿರವೇ ಇರಬೇಕು. ತಾಣ ನೋಡಿಕೊಳ್ಳೋರು ಯಾರು?”

ಅಕ್ಕ ಅಂದರೆ ನನ್ನ ಒಡಹುಟ್ಟಿದವರಲ್ಲ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಕರ್ನಾಟಕ ಬಿಟ್ಟು ಬೇರೆ ಬೇರೆ ಊರುಗಳಲ್ಲಿ ಇರುವ ಹೆಂಗಸರು ಕನ್ನಡದಲ್ಲಿ ಮಾತಾಡಿಕೊಳ್ಳಲಿ ಅಂತ ಇಂಟರ್‌ನೆಟ್ಟಿನಲ್ಲಿ ಒಂದು ತಾಣ ಕಟ್ಟಿದ್ದರು. ಅದರ ಮುಂಭಾಗಕ್ಕೆ ಜಗಲಿ ಅಂತ ಹೆಸರು. ಪುಣೆಯಲ್ಲಿ ರಾಗಿಹಿಟ್ಟು ಎಲ್ಲಿ ಸಿಗುತ್ತೆ, ದಿಲ್ಲಿಯ ಚಳಿಗೆ ದೋಸೆಹಿಟ್ಟು ಹುಳಿ ಬರಿಸುವುದು ಹೇಗೆ, ಇಂಥವೆಲ್ಲ ಅಲ್ಲಿ. ಹಿಂಭಾಗಕ್ಕೆ ಹಿತ್ತಿಲು ಅಂತ ಹೆಸರು. ಅಲ್ಲಿಗೆ ಎಲ್ಲರಿಗೂ ಪ್ರವೇಶವಿರಲಿಲ್ಲ. ಬರಬೇಕೆನ್ನುವವರ ಹತ್ತಿರ ನಾವು ನಾಲ್ಕೈದು ಮಾಡರೇಟರುಗಳು ಮೊದಲು ಮಾತಾಡಿ, ಆಮೇಲೆ ಬಾಗಿಲು ತೆಗೆಯುತ್ತಿದ್ದೆವು. ಮನೆಯಲ್ಲಿ ಹೇಳಲಾಗದ್ದನ್ನು ಹೆಂಗಸರು ಅಲ್ಲಿ ಹೇಳಿಕೊಳ್ಳುತ್ತಿದ್ದರು. ಯಾರೂ ತಮ್ಮ ನಿಜವಾದ ಹೆಸರು ಹಾಕುತ್ತಿರಲಿಲ್ಲ. ಸೇರುವಾಗ ಕೊಟ್ಟ ಫೋನ್ ನಂಬರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಕೋಲ್ಕತ್ತಕ್ಕೆ ಬಂದ ಮೊದಲ ವರ್ಷ ಲೇಕ್ ಗಾರ್ಡನ್ಸಿನ ಬಾಡಿಗೆ ಕೋಣೆಯಲ್ಲಿ ಕೂತು ನಾನೂ ಹಿತ್ತಿಲಲ್ಲಿ ಬರೆದಿದ್ದೆ. ಮುರಿದುಬಿದ್ದ ನನ್ನ ನಿಶ್ಚಿತಾರ್ಥದ ಬಗ್ಗೆ. ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲದ ಸಂಗತಿಗಳು ಅಲ್ಲಿದ್ದವು.

“ಯಾರಿಗೆ ಕೊಟ್ಟಿರಿ ಅಕ್ಕ?”

“ಬೆಂಗಳೂರಿನ ಕಂಪನಿ. ಆರೋಗ್ಯದ ಆ್ಯಪ್ ನಡೆಸ್ತಾರಂತೆ. ಔಷಧಿ, ವಿಮೆ, ಅಂಥದ್ದೆಲ್ಲ. ಒಳ್ಳೆಯ ಹುಡುಗರು. ಏನೂ ಬದಲಾಗಲ್ಲ ಅಂದಿದ್ದಾರೆ.”

“ಹಿತ್ತಿಲೂ ಸೇರಿ ಕೊಟ್ಟಿರಾ?”

“ಅದನ್ನ ಬೇರೆ ಮಾಡೋದು ಹೇಗೆ ಅಂತ ನನಗೆ ಗೊತ್ತಾಗಲಿಲ್ಲ ಕಣಮ್ಮ.”

ಮರುದಿನವೇ ಹೊಸ ಕಂಪನಿಯವರು ಮಾಡರೇಟರುಗಳನ್ನೆಲ್ಲ ಒಂದು ವಿಡಿಯೊ ಕರೆಗೆ ಕೂಡಿಸಿದರು. ಆ ಕಡೆ ಇದ್ದ ಮ್ಯಾನೇಜರ್ ನನಗಿಂತ ಚಿಕ್ಕವನಿರಬೇಕು. ನಗುಮುಖ. ತಾಣದಲ್ಲಿರುವುದನ್ನೆಲ್ಲ ತಮ್ಮ ಆ್ಯಪ್‌ಗೆ ಸಾಗಿಸುತ್ತೇವೆ, ಬರುವ ಸೋಮವಾರ, ಅಂದರೆ ಇಲ್ಲಿಯ ದುರ್ಗಾಪೂಜೆಯ ರಜೆಗೆ ಮುಂಚಿನ ಸೋಮವಾರ, ಬೆಳಗ್ಗೆ ಎಲ್ಲ ಮುಗಿದಿರುತ್ತದೆ ಅಂದ. ಹಿತ್ತಿಲಿಗೆ ಅವರಿಟ್ಟ ಹೊಸ ಹೆಸರು ‘ಮಹಿಳಾ ಆರೋಗ್ಯ’.

“ಯಾರಿಗೂ ತೊಂದರೆ ಆಗಲ್ಲ ಮೇಡಂ. ಪ್ರತಿಯೊಬ್ಬರ ನಂಬರಿಗೂ ಒಂದು ವೆಲ್ಕಮ್ ಮೆಸೇಜ್ ಹೋಗುತ್ತೆ. ಅದರಲ್ಲಿರೋ ಲಿಂಕ್ ಒತ್ತಿದರೆ ಸಾಕು, ಪಾಸ್‌ವರ್ಡ್ ಕೂಡ ಬೇಡ. ಅವರು ಬರೆದ ಹಳೇದೆಲ್ಲ ಸೀದಾ ಕಾಣುತ್ತೆ. ಎಷ್ಟು ಈಸಿ ನೋಡಿ.”

“ಆ ನಂಬರು ಈಗ ಅವರ ಹತ್ತಿರ ಇಲ್ಲದಿದ್ದರೆ?” ಅಂತ ಕೇಳಿದೆ.

“ಅದು ತುಂಬಾ ರೇರ್ ಕೇಸ್ ಮೇಡಂ.”

“ಹಿತ್ತಿಲಿನ ಬರಹಗಳನ್ನ ಸಾಗಿಸಬೇಡಿ. ಅಳಿಸಿಬಿಡಿ. ನಾವೇ ಕೂತು ಅಳಿಸುತ್ತೇವೆ.”

ಅವನ ನಗು ಹಾಗೇ ಇತ್ತು. “ಅದು ಆಗಲ್ಲ ಮೇಡಂ. ಅಗ್ರಿಮೆಂಟ್ ಪ್ರಕಾರ ಕಂಟೆಂಟ್ ಎಲ್ಲ ಈಗ ಕಂಪನಿದು. ಬೇಕಾದವರು ತಮ್ಮದನ್ನ ತಾವೇ ಲಾಗಿನ್ ಆಗಿ ತೆಗೀಬಹುದು.”

ಕರೆ ಮುಗಿದ ಮೇಲೆ ನೋಡಿದರೆ, ಬೇರೆಯವರ ಬರಹ ಅಳಿಸುವ ಗುಂಡಿ ನಮ್ಮ ಪುಟಗಳಿಂದ ಮಾಯವಾಗಿತ್ತು. ಓದಬಹುದಿತ್ತು, ಮುಟ್ಟುವ ಹಾಗಿರಲಿಲ್ಲ. ಮೊದಲು ನಾನು ನನ್ನದನ್ನು ಅಳಿಸಿದೆ. ಆಮೇಲೆ ಹಿತ್ತಿಲಿನ ತಲೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆದೆ: ತಾಣ ಕೈ ಬದಲಾಗಿದೆ, ಸೋಮವಾರದೊಳಗೆ ನಿಮ್ಮ ನಿಮ್ಮ ಬರಹ ತೆಗೆದುಬಿಡಿ, ಹಳೆಯ ನಂಬರು ಬೇರೆಯವರ ಕೈಯಲ್ಲಿದ್ದರೆ ಎಚ್ಚರ. ಸಂಜೆಯ ಹೊತ್ತಿಗೆ ಅದನ್ನು ಯಾರೋ ತೆಗೆದುಹಾಕಿದ್ದರು. ಮತ್ತೆ ಹಾಕಿದೆ. ಆ ಸಲ ನನ್ನ ಮಾಡರೇಟರ್ ಅಧಿಕಾರವೇ ಹೋಯಿತು, ಉಳಿದವರಂತೆ ಓದುವುದಷ್ಟೇ ಉಳಿಯಿತು.

ಅಷ್ಟರಲ್ಲಿ ಓದಿದವರು ಓದಿದ್ದರು. ಒಂದೊಂದೇ ಬರಹ ಕಾಣೆಯಾಗುವುದನ್ನು ನೋಡುತ್ತ ಕೂತಿದ್ದೆ. ಗಾಳಿಗೆ ಒಂದೊಂದೇ ದೀಪ ಆರಿದ ಹಾಗೆ. ಕೆಲವರದು ಮಾತ್ರ ಹಾಗೇ ಇತ್ತು, ಅವರಲ್ಲಿ ಒಬ್ಬಾಕೆ ಇದ್ದದ್ದು ನನ್ನ ಊರಿನಲ್ಲೇ. ಅವಳು ಹಿತ್ತಿಲಿಗೆ ಬಂದು ಸುಮಾರು ಒಂದು ವರ್ಷವಾಗಿತ್ತು.

ತಾಣದಲ್ಲಿ ಅವಳು ಇಟ್ಟುಕೊಂಡಿದ್ದ ಹೆಸರು ಹುಣಸೆಬೀಜ. ಧಾರವಾಡದ ಕಡೆಯ ಮಾತು. ಮದುವೆಯಾಗಿ ಕೋಲ್ಕತ್ತಕ್ಕೆ ಬಂದವಳು, ಗಾರ್ಡನ್ ರೀಚಿನಲ್ಲಿದ್ದಾಳೆ ಎಂದಷ್ಟೇ ನನಗೆ ಗೊತ್ತಿತ್ತು. ಹಿತ್ತಿಲಿಗೆ ಅವಳನ್ನು ಬಿಟ್ಟುಕೊಂಡವಳು ನಾನೇ. ಅವಳಿಗೆ ಹನ್ನೆರಡನೇ ವಯಸ್ಸಿನಿಂದ ಮೂರ್ಛೆ ಬರುತ್ತಿತ್ತು. ಮಾತ್ರೆಯಿಂದ ಹತೋಟಿಯಲ್ಲಿತ್ತು. ಮದುವೆಯ ಹೊತ್ತಿನಲ್ಲಿ ತವರಿನವರು ಅದನ್ನು ಮುಚ್ಚಿಟ್ಟರು. ಹೇಳಬೇಡ ಅಂತ ಅವಳಿಂದ ಆಣೆ ಮಾಡಿಸಿಕೊಂಡರು. ಮಾತ್ರೆಗಳನ್ನು ಅವಳು ಸ್ಯಾನಿಟರಿ ಪ್ಯಾಡಿನ ಪ್ಯಾಕೆಟ್ಟಿನೊಳಗೆ ಇಡುತ್ತಿದ್ದಳು. ಗಂಡ ಮಗು ಬೇಕೆಂದಾಗ, ಈ ಮಾತ್ರೆ ನುಂಗುತ್ತ ಬಸಿರಾಗಬಹುದೇ, ಯಾವ ಡಾಕ್ಟರನ್ನು ಯಾರಿಗೂ ತಿಳಿಯದಂತೆ ಕೇಳುವುದು ಎಂದು ಹಿತ್ತಿಲಲ್ಲಿ ಕೇಳಿದ್ದಳು. ಅದಕ್ಕೆ ಎಷ್ಟೋ ಜನ ಉತ್ತರ ಬರೆದಿದ್ದರು, ಮೂರ್ಛೆ ಬಂದು ಬಿದ್ದಾಗ ಪಕ್ಕದಲ್ಲಿದ್ದವರು ಏನು ಮಾಡಬೇಕು ಎಂಬುದನ್ನೂ ಸೇರಿಸಿ. ಕೊನೆಗೆ ಅವಳು ಬರೆದದ್ದು ಇಷ್ಟು: “ನನ್ನ ಹಳೇ ಸಿಮ್ಮು ಅವರ ಫೋನಿಗೆ ಹಾಕ್ಯಾರ, ಬ್ಯಾಂಕಿಗೆಲ್ಲಾ ಅದ ನಂಬರ ಅದ. ಒಮ್ಮೆ ಹೊರಗ ಬಿದ್ರ ಮತ್ತ ಒಳಗ ಬರಾಕ ಆಗೂದಿಲ್ಲ. ಹೊಸ ನಂಬರಿಲೆ ಬರ್ತೇನಿ.” ಬಂದಿರಲಿಲ್ಲ.

ಅಂದರೆ ಸೋಮವಾರ ಬೆಳಗ್ಗೆ ಆ ಮೆಸೇಜು ಹೋಗುವುದು ಅವಳ ಗಂಡನ ಫೋನಿಗೆ. ಒಂದು ಸಲ ಒತ್ತಿದರೆ ಸಾಕು.

ಅಕ್ಕನಿಗೆ ಫೋನ್ ಮಾಡಿದೆ. ಅವಳ ಹೊಸ ನಂಬರು ಎಲ್ಲಾದರೂ ಇದೆಯೇ ಅಂತ ಕೇಳಿದೆ. “ನನ್ನ ಹತ್ತಿರ ಏನೂ ಉಳಿದಿಲ್ಲಮ್ಮ. ನನ್ನನ್ನೂ ಒಳಗೆ ಬಿಡುತ್ತಿಲ್ಲ ಈಗ,” ಅಂದರು. ಮ್ಯಾನೇಜರಿಗೆ ಮೇಲ್ ಹಾಕಿದೆ, ಈ ಒಂದು ಖಾತೆಗೆ ಮಾತ್ರ ಮೆಸೇಜ್ ಕಳಿಸಬೇಡಿ ಅಂತ. ಯಾಕೆ ಅಂತ ಬರೆಯುವ ಹಾಗಿರಲಿಲ್ಲ. ನಿಮ್ಮ ಕೋರಿಕೆ ತಲುಪಿದೆ ಎಂದು ಯಂತ್ರ ಉತ್ತರ ಕಳಿಸಿತು. ಅಷ್ಟೇ.

ಶನಿವಾರ ಬೆಳಗ್ಗೆ ಅವಳ ಬರಹಗಳನ್ನೆಲ್ಲ ಮೊದಲಿಂದ ಓದಿದೆ, ಈ ಸಲ ಕಷ್ಟಸುಖ ಬಿಟ್ಟು ಬರೀ ಮನೆಯ ಗುರುತಿಗಾಗಿ. ಅಲ್ಲೊಂದು ಇಲ್ಲೊಂದು ಸಿಕ್ಕವು. ಮನೆಯ ಕೆಳಗೆ ಸಣ್ಣ ಹುಡುಗಿಯರ ಫ್ರಾಕು ಹೊಲಿಯುತ್ತಾರೆ, ಜರಿಯ ಚೂರು ಮೆಟ್ಟಿಲಿನ ತುಂಬ. ಅಡಿಗೆಮನೆ ಕಿಟಕಿಯಿಂದ ಹಡಗುಕಟ್ಟೆಯ ಕ್ರೇನು ಕಾಣುತ್ತದೆ. ಗಂಡನಿಗೆ ಅಲ್ಲೇ ಕೆಲಸ. ಎದುರಿಗೆ ಹಸಿರು ಬಣ್ಣದ ನೀರಿನ ಟಾಕಿ. ಅವಳು ರೊಟ್ಟಿ ಬಡಿಯುವ ಸಪ್ಪಳಕ್ಕೆ ಕೆಳಗಿನವರು ಗಾಬರಿಯಾಗಿ ಮೇಲೆ ಬಂದಿದ್ದರು. ಇದನ್ನು ಅವಳು ತಮಾಷೆಯಾಗಿ ಬರೆದಿದ್ದಳು. ಆವತ್ತು ನಾವೆಲ್ಲ ನಕ್ಕಿದ್ದೆವು.

ಲೇಕ್ ಗಾರ್ಡನ್ಸ್ ಸ್ಟೇಷನ್ನಿನಲ್ಲಿ ಬಜ್‌ಬಜ್ ಕಡೆಯ ಲೋಕಲ್ ಹತ್ತಿದೆ. ಶನಿವಾರವಾದರೂ ಗಂಡ ಕೆಲಸಕ್ಕೆ ಹೋಗಿರುತ್ತಾನೆ ಎಂಬುದು ನನ್ನ ಲೆಕ್ಕ. ಸಂತೋಷ್‌ಪುರದಲ್ಲಿ ಇಳಿದು ಆಟೊದಲ್ಲಿ ನಾಲ್ಕು ಜನರ ಜೊತೆ ಒತ್ತಿಕೊಂಡು ಕೂತೆ. ರಸ್ತೆಯುದ್ದಕ್ಕೂ ಪೂಜೆಯ ಚಪ್ಪರಕ್ಕೆ ಬಿದಿರು ಕಟ್ಟುತ್ತಿದ್ದರು. ಆಟೊ ಇಳಿದ ಮೇಲೆ ಗಲ್ಲಿ ಗಲ್ಲಿಯಲ್ಲೂ ಹೊಲಿಗೆ ಯಂತ್ರದ ಸದ್ದು. ಇಷ್ಟರಲ್ಲಿ ಹುಡುಕುವುದು ಹೇಗೆ ಅಂದುಕೊಂಡೆ. ಬೇಗ ಸಿಗಬಾರದು ಎಂದೂ ಒಳಗೊಳಗೆ ಅನ್ನಿಸುತ್ತಿತ್ತು. ನನಗೆ ಸಿಕ್ಕರೆ ಬೇರೆ ಯಾರಿಗೆ ಬೇಕಾದರೂ ಸಿಗುತ್ತದೆ.

ಕ್ರೇನು ಕಾಣುವ ಕಡೆಗೆ ನಡೆದೆ. ಹಸಿರು ಟಾಕಿ ಕಂಡಿತು. ಅದರ ಎದುರಿನ ಕಟ್ಟಡದ ಕೆಳಗೆ ಫ್ರಾಕುಗಳನ್ನು ಮೂಟೆ ಕಟ್ಟುತ್ತಿದ್ದ ಹೊಲಿಗೆಯವನಿಗೆ ನನ್ನ ಅರೆಬರೆ ಬಂಗಾಳಿಯಲ್ಲಿ, ಇಲ್ಲಿ ದಕ್ಷಿಣದ ಕಡೆಯವರು ಯಾರಾದರೂ ಇದ್ದಾರಾ ಅಂತ ಕೇಳಿದೆ. ಅವನು ನಕ್ಕು, ಎರಡೂ ಅಂಗೈಯಿಂದ ಮೇಜನ್ನು ಧಪಧಪ ಬಡಿದು, ಮೇಲಕ್ಕೆ ಬೆರಳು ತೋರಿಸಿದ.

ಮಧ್ಯಾಹ್ನದ ಊಟದ ಹೊತ್ತೂ ಆಗಿರಲಿಲ್ಲ. ಅಷ್ಟು ಸುಲಭ.

ಮೂರನೆಯ ಮಹಡಿ. ಮೆಟ್ಟಿಲ ಮೇಲೆ ಜರಿಯ ಚೂರು ಮಿನುಗುತ್ತಿತ್ತು. ಕರೆಗಂಟೆ ಒತ್ತಿದೆ. ಬಾಗಿಲು ತೆಗೆದವನು ಗಂಡಸು. ಬನಿಯನ್ನು, ಹೆಗಲ ಮೇಲೆ ಟವೆಲ್ಲು. ದಾರಿಯುದ್ದಕ್ಕೂ ಅವಳಿಗೆ ಏನು ಹೇಳಬೇಕು ಅಂತ ಯೋಚಿಸಿದ್ದೆನೇ ಹೊರತು, ಇವನಿಗೆ ಹೇಳಬೇಕಾದೀತು ಅಂದುಕೊಂಡಿರಲಿಲ್ಲ.

“ನಮಸ್ಕಾರ. ನಾನು ಇಲ್ಲೇ ಲೇಕ್ ಗಾರ್ಡನ್ಸಿನವಳು. ನಾವು ಕನ್ನಡದವರೆಲ್ಲ ಸೇರಿ ಒಂದು ಸಂಘ ಮಾಡುತ್ತಿದ್ದೀವಿ. ಪೂಜೆ ರಜೆಯಲ್ಲಿ ಊಟ ಇದೆ. ಇಲ್ಲಿ ಒಂದು ಕನ್ನಡದ ಮನೆ ಇದೆ ಅಂತ ಕೇಳಿ ಬಂದೆ.”

ಅವನ ಮುಖ ಅರಳಿತು. “ಅಯ್ಯ, ಒಳಗ ಬರ್ರಿ, ಬರ್ರಿ! ಅವ್ವಾ, ನೋಡಿಲ್ಲೆ, ನಮ್ಮ ಕಡೆಯವರು ಬಂದಾರ.”

ಸುಳ್ಳು ಹೇಳಿ ಸಿಕ್ಕಿಬೀಳುವ ಭಯವಿತ್ತು ನನಗೆ. ಅದಕ್ಕಿಂತ ಅವನು ಖುಷಿಪಟ್ಟದ್ದೇ ಹೆಚ್ಚು ಕಷ್ಟವಾಯಿತು. ಕುರ್ಚಿ ಎಳೆದು ಹಾಕಿದ, ಫ್ಯಾನ್ ಜೋರು ಮಾಡಿದ, ಒಳಗೆ ಹೋಗಿ ಶರ್ಟು ತೊಟ್ಟು ಬಂದ. ಆವತ್ತು ಅವನಿಗೆ ರಜೆಯಂತೆ. ಮಂಚದ ಮೇಲೆ ಕಾಲು ಚಾಚಿ ಕೂತಿದ್ದ ಅವನ ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಒಬ್ಬಾಕೀನ ಬಂದೀಯೇನವಾ? ಲಗ್ನ ಆಗೇದೋ ಇಲ್ಲೋ?”

“ಇಲ್ಲಮ್ಮ. ಇಲ್ಲಿ ಓದುತ್ತಿದ್ದೀನಿ.”

“ನಮ್ಮ ಮನಿ ನಿನಗ ಯಾರು ತೋರಿಸಿದ್ರು?”

“ಕೆಳಗೆ ಹೊಲಿಗೆಯವರು,” ಅಂದೆ. ಅದು ಮಾತ್ರ ನಿಜ.

ಅವಳು ಅಡಿಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದಳು. ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದಕ್ಕಿಂತ ತುಂಬ ಚಿಕ್ಕವಳು. ಒಂದು ಹುಬ್ಬಿನ ಮೇಲೆ ಹಳೆಯ ಗಾಯದ ಗೆರೆ. ಎಂದೋ ಬಿದ್ದದ್ದಿರಬೇಕು. ನನ್ನನ್ನು ನೋಡಿ ಸುಮ್ಮನೆ ನಕ್ಕಳು. ಗುರುತು ಸಿಗುವುದಾದರೂ ಹೇಗೆ? ನಾವು ಒಬ್ಬರ ಮುಖ ಒಬ್ಬರು ಕಂಡವರಲ್ಲ.

ಸಂಘದ ಬಗ್ಗೆ ಏನೇನೋ ಹೇಳಿದೆ. ಅವನು ಪ್ರಶ್ನೆ ಕೇಳಿದಷ್ಟೂ ನಾನು ಕಟ್ಟಬೇಕಿತ್ತು. ಎಷ್ಟು ಮನೆಗಳಿವೆ, ಎಲ್ಲಿ ಸೇರುತ್ತೀರಿ, ಧಾರವಾಡದವರು ಯಾರಾದರೂ ಇದ್ದಾರಾ? ಅವನ ಫೋನು ನಮ್ಮಿಬ್ಬರ ನಡುವಿನ ಮೇಜಿನ ಮೇಲೆ ಬೋರಲು ಬಿದ್ದಿತ್ತು. ನನ್ನ ಕಣ್ಣು ಮತ್ತೆ ಮತ್ತೆ ಅದರ ಮೇಲೆ ಹೋಗುತ್ತಿತ್ತು. ಕೊನೆಗೆ ಅವಳ ಕಡೆ ತಿರುಗಿ ಕೇಳಿದೆ:

“ನಿಮಗೆ ಹಿತ್ತಿಲು ಇದೆಯಾ? ಹುಣಸೆಬೀಜ ಏನಾದರೂ ಹಾಕಿದ್ದೀರಾ?”

ಅವನು ಜೋರಾಗಿ ನಕ್ಕ. “ಮೂರನೇ ಮಾಳಿಗಿ ಮ್ಯಾಲ ಎಲ್ಲಿ ಹಿತ್ತಲಾ ತರೂದ್ರಿ! ಕುಂಡದಾಗ ಹುಣಸಿ ಮರಾ ಬೆಳಸ್ತಾರೇನು?”

ಅವಳು ನಗಲಿಲ್ಲ. ಕೈಯಲ್ಲಿದ್ದ ಹಿಟ್ಟನ್ನು ಬೆರಳಿನಿಂದ ಉಜ್ಜುತ್ತ ನಿಂತಳು. ಆಮೇಲೆ ಬಹಳ ಮಾಮೂಲಿ ದನಿಯಲ್ಲಿ, “ಮಾಳಿಗಿ ಮ್ಯಾಲ ನಾಕು ಕುಂಡ ಇಟ್ಟೇನ್ರಿ. ಬರ್ರಿ, ತೋರಸ್ತೀನಿ. ಹೊಳಿನೂ ಕಾಣಸ್ತದ,” ಅಂದಳು.

“ಅಷ್ಟರಾಗ ನಾ ಮಿಷ್ಟಿ ತರ್ತೇನಿ,” ಅಂತ ಗಂಡ ಎದ್ದ. ಸಿಹಿತಿಂಡಿಗೆ ಇಲ್ಲಿ ಎಲ್ಲರೂ ಮಿಷ್ಟಿ ಎನ್ನುವುದು. ಅವನ ಬಾಯಲ್ಲೂ ಅದೇ ಕೂತಿತ್ತು. ಫೋನು ಅಲ್ಲೇ ಬಿಟ್ಟು ಹೋಗಲಿ ಅಂದುಕೊಂಡೆ. ಬಾಗಿಲವರೆಗೆ ಹೋದವನು ತಿರುಗಿ ಬಂದು ಫೋನನ್ನು ಜೇಬಿಗೆ ಹಾಕಿಕೊಂಡ. ಈಗೆಲ್ಲ ದುಡ್ಡು ಕೊಡುವುದು ಅದರಲ್ಲೇ ತಾನೇ.

ತಾರಸಿಗೆ ಬಂದ ಕೂಡಲೇ ಅವಳು ಬಾಗಿಲು ಎಳೆದುಕೊಂಡಳು.

“ಯಾರು ನೀವು?”

ನಾನು ತಾಣದಲ್ಲಿದ್ದ ನನ್ನ ಹೆಸರು ಹೇಳಿದೆ. ಅವಳು ನನಗೆ ಎಷ್ಟೋ ಸಲ ಬರೆದಿದ್ದಳು, ‘ಅಕ್ಕಾರ’ ಅಂತ ಕರೆದಿದ್ದಳು. ಈಗ ಹಿಂದೆ ಸರಿದಳು.

“ನನ್ನ ಮನಿ ನಿಮಗ ಹ್ಯಾಂಗ ಸಿಕ್ತು? ನಾ ಯಾರಿಗೂ ಹೇಳಿಲ್ಲ.”

“ನೀವೇ ಬರೆದಿದ್ರಿ. ಫ್ರಾಕು, ಟಾಕಿ, ರೊಟ್ಟಿ ಸಪ್ಪಳ.”

“ಅದು ನಗಲಿ ಅಂತ ಬರದಿದ್ದು!” ದನಿ ಒಡೆಯಿತು. ಕೆಳಗೆ ಕೇಳಿಸೀತೆಂದು ಕೂಡಲೇ ಬಾಯಿಗೆ ಸೆರಗು ಹಿಡಿದಳು. “ಅದನ್ನ ಹಿಡಕೊಂಡು ಮನೀ ಮಟಾ ಬಂದ್ರೇನ್ರಿ? ನನ್ನ ಅತ್ತಿ ಮುಂದ ಕೂತೀರಿ. ಅವರ ಮುಂದ ಕೂತೀರಿ. ನಿಮಗ ಏನ ಬೇಕಾಗೇದ?”

ಹೇಳಿದೆ. ತಾಣ ಮಾರಿದ್ದು, ಸೋಮವಾರ, ಮೆಸೇಜು, ಲಿಂಕು. ಹೇಳುತ್ತ ಹೋದಂತೆ ಅವಳ ಸಿಟ್ಟು ಇಳಿದು ಬೇರೆ ಏನೋ ಬಂತು. ಕುಂಡದ ಅಂಚಿನ ಮೇಲೆ ಕೂತಳು. ಅದರಲ್ಲಿ ಕರಿಬೇವಿನ ಸಣ್ಣ ಗಿಡವಿತ್ತು.

“ಈಗ ಅಳಿಸಬಹುದಲ್ಲರಿ. ನಿಮ್ಮ ಫೋನ್ ಕೊಡ್ರಿ, ಅಳಸ್ತೇನಿ.”

“ಒಳಗೆ ಹೋಗಬೇಕಂದರೆ ಓಟಿಪಿ ಬರುತ್ತೆ. ಆ ಹಳೇ ನಂಬರಿಗೇ.”

“ಅವರ ಫೋನಿಗೆ.”

“ಹೌದು.”

“ಸ್ನಾನಕ್ಕ ಹೋದಾಗ ನೋಡಬಹುದು,” ಅಂದಳು, ನನಗಲ್ಲ, ತನಗೇ. “ಇಲ್ಲ. ಬಚ್ಚಲಕ್ಕೂ ಒಯ್ತಾರ, ಹಾಡು ಹಚ್ಚಲಿಕ್ಕೆ. ಮಲಗುವಾಗ ದಿಂಬಿನ ಕೆಳಗ. ತಗದ್ರೂ ಬೆರಳ ಗುರುತು ಬೇಕು.” ಒಂದಾದ ಮೇಲೊಂದು ದಾರಿ ತಾನೇ ತೆರೆದು ತಾನೇ ಮುಚ್ಚುತ್ತಿದ್ದಳು. ದೂರದಲ್ಲಿ ಕ್ರೇನು ಬಹಳ ನಿಧಾನಕ್ಕೆ ತಿರುಗುತ್ತಿತ್ತು.

“ಆ ಮೆಸೇಜು ಅವರು ಓದದೇ ಇರಬಹುದು,” ಅಂದೆ. “ಎಷ್ಟೋ ಜಾಹೀರಾತು ಬರುತ್ತವೆ.”

“ಕನ್ನಡದಾಗ ಬರ್ತದಲ್ಲರಿ? ಹಂಗಾರ ಓದ್ತಾರ. ಇಲ್ಲೆ ಕನ್ನಡ ಅಕ್ಷರ ಕಂಡ್ರ ಸಾಕು, ಪೊಟ್ಟಣ ಕಟ್ಟಿದ ಕಾಗದ ಇದ್ರೂ ಓದ್ತಾರ.”

ಕೆಳಗಿನಿಂದ ಅತ್ತೆ ಕೂಗಿದರು. ಅವಳು ಎದ್ದು ಕಣ್ಣು ಒರೆಸಿಕೊಂಡು ಒಂದು ಎಸಳು ಕರಿಬೇವು ಮುರಿದು ನನ್ನ ಕೈಗೆ ಕೊಟ್ಟಳು, ಕೆಳಗೆ ಹೋದಾಗ ತೋರಿಸಲು ಏನಾದರೂ ಇರಲಿ ಅಂತ. “ನಿಮ್ಮ ನಂಬರ ಹೇಳ್ರಿ. ಬರಕೊಡಬ್ಯಾಡ್ರಿ, ನೆನಪಿಡ್ತೇನಿ.” ಹೇಳಿದೆ. ತುಟಿ ಆಡಿಸುತ್ತ ಇಳಿದಳು.

ಗಂಡ ಸಂದೇಶ್ ಎಂಬ ಹಾಲಿನ ಸಿಹಿ, ಸಮೋಸದಂಥ ಬಿಸಿ ಶಿಂಗಾಡ ಎರಡೂ ತಂದಿದ್ದ. ಬಲವಂತ ಮಾಡಿ ತಿನ್ನಿಸಿದ. ತಿನ್ನುತ್ತಿರುವಾಗ ಅವನ ಫೋನು ಟಣ್ ಅಂದಿತು. ಅವಳು ಚಹದ ಲೋಟ ಮೇಜಿಗಿಡುತ್ತಿದ್ದಳು, ಲೋಟ ಅಲುಗಿ ತಟ್ಟೆಗೆಲ್ಲ ಚೆಲ್ಲಿತು. ಅವನು ನೋಡಿ, “ಬ್ಯಾಂಕಿಂದು,” ಅಂದ. ಆಮೇಲೆ ಹೆಂಡತಿಯ ಮುಖ ನೋಡಿದ. ನನ್ನ ಮುಖ ನೋಡಿದ. ಏನೋ ಕೇಳಬೇಕೆಂದವನು ಬಿಟ್ಟ. ನಾನು ಹೊರಟು ನಿಂತಾಗ, “ಊಟದ ದಿನಾ ಯಾವಾಗ ಅಂತ ತಿಳಸ್ರಿ, ತಪ್ಪದ ಬರ್ತೇವಿ,” ಅಂದ.

ಮರಳಿ ಬರುವ ಲೋಕಲ್ಲಿನಲ್ಲಿ ಕೈಯಲ್ಲಿ ಕರಿಬೇವು ಹಾಗೇ ಇತ್ತು. ನಾನು ಹೋಗಿ ಒಳ್ಳೆಯದು ಮಾಡಿದೆನೋ, ಅವನ ಮನಸ್ಸಿನಲ್ಲಿ ಇಲ್ಲದ ಅನುಮಾನ ಬಿತ್ತಿ ಬಂದೆನೋ ಎಂದು ಭಾನುವಾರವಿಡೀ ತಳಮಳಿಸಿದೆ. ಫೋನು ಬರಲಿಲ್ಲ. ಸೋಮವಾರ ಪ್ರಯೋಗಾಲಯಕ್ಕೆ ಹೋದೆ. ಹತ್ತು ಗಂಟೆ ದಾಟಿದ ಮೇಲೆ ನನ್ನ ಫೋನಿಗೇ ಆ ಮೆಸೇಜು ಬಂತು, ಅಚ್ಚಕನ್ನಡದಲ್ಲಿ. ‘ಸ್ವಾಗತ! ನಿಮ್ಮ ನೆನಪುಗಳು ನಿಮಗಾಗಿ ಕಾಯುತ್ತಿವೆ.’ ಅದೇ ಹೊತ್ತಿಗೆ ಗಾರ್ಡನ್ ರೀಚಿನಲ್ಲೂ ಒಂದು ಫೋನು ಟಣ್ ಅಂದಿರುತ್ತದೆ ಎಂದುಕೊಂಡು ಜರಡಿಯನ್ನು ಕೆಳಗಿಟ್ಟೆ. ಆ ದಿನದ ಮಾದರಿಗಳನ್ನೆಲ್ಲ ತಪ್ಪು ಡಬ್ಬಿಗೆ ಹಾಕಿದ್ದೆ ಎಂದು ಗೊತ್ತಾದದ್ದು ಆಮೇಲೆ.

ಪೂಜೆ ಬಂತು, ಮುಗಿಯಿತು. ಚಪ್ಪರದ ಬಿದಿರು ಬಿಚ್ಚಿ ರಸ್ತೆಯ ಬದಿಗೆ ಪೇರಿಸಿದರು. ಅವಳಿಗೆ ಫೋನ್ ಮಾಡಲು ನನ್ನ ಹತ್ತಿರ ನಂಬರಿರಲಿಲ್ಲ. ಮತ್ತೆ ಅಲ್ಲಿಗೆ ಹೋಗುವ ಧೈರ್ಯವೂ ಇರಲಿಲ್ಲ. ಹೊಲಿಗೆಯವನನ್ನು ಕೇಳಿ ಬರೋಣವೇ ಎಂದು ಒಂದು ದಿನ ಸ್ಟೇಷನ್ನಿನವರೆಗೆ ಹೋಗಿ ವಾಪಸು ಬಂದೆ.

ದೀಪಾವಳಿ ಹತ್ತಿರವಾದಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

“ನಾನ್ರೀ,” ಅಂದಳು. “ಬಾಲಿಗಂಜಕ್ಕ ಬಂದೇವಿ, ಡಾಕ್ಟರ ಕಡೆ. ಅವರು ಒಳಗ ಪಾಳಿ ಹಿಡದು ಕೂತಾರ. ನೀವು ಬರಲಿಕ್ಕಾಗ್ತದೇನು?”

ಆಟೊ ಹಿಡಿದು ಹೋದೆ. ಕ್ಲಿನಿಕ್ಕಿನ ಹೊರಗೆ ಚಹದ ಅಂಗಡಿಯ ಪಕ್ಕ ನಿಂತಿದ್ದಳು. ತೆಳ್ಳಗಾಗಿದ್ದಳು. ನಾನು ಕೇಳುವ ಮೊದಲೇ ಹೇಳತೊಡಗಿದಳು.

ಭಾನುವಾರ ಅತ್ತೆ ಮಲಗಿದ್ದಾಗ ಅವನು ತಾರಸಿಯಲ್ಲಿ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದನಂತೆ. ಅವಳು ಪ್ಯಾಡಿನ ಪ್ಯಾಕೆಟ್ಟನ್ನೇ ತಂದು ಅವನ ಮುಂದೆ ಸುರಿದಳು. ಬಾಯಿ ಬಿಟ್ಟು ಹೇಳುವುದು ಆಗಲಿಲ್ಲ. ಅವನು ಮಾತ್ರೆಯ ಪಟ್ಟಿ ಎತ್ತಿಕೊಂಡು ಅದರ ಮೇಲಿದ್ದ ಹೆಸರನ್ನು ಫೋನಿನಲ್ಲಿ ಹುಡುಕಿ ಓದಿದ. ಎಷ್ಟು ವರ್ಷದಿಂದ ಅಂತ ಕೇಳಿದ. ಹೇಳಿದಳು. ಬೂಟಿಗೆ ಪಾಲಿಶ್ ಹಾಕುವುದನ್ನು ಮುಂದುವರಿಸಿದ.

“ಬೈಲಿಲ್ಲರಿ. ಬೈದಿದ್ರ ಚಲೋ ಇತ್ತು. ಆಮ್ಯಾಲ ಕೇಳಿದ್ರು, ನಿನ್ನಿ ಬಂದಾಕಿಗೆ ಇದು ಗೊತ್ತದನು ಅಂತ. ಹೂಂ ಅಂದೆ. ಮತ್ತ ಯಾರ್ಯಾರಿಗೆ ಗೊತ್ತದ ಅಂದ್ರು. ಅದಕ್ಕ ನಾ ಏನ ಹೇಳ್ಲಿ? ಹಿತ್ತಲದಾಗ ಇದ್ದವರಿಗೆಲ್ಲಾ ಗೊತ್ತಿತ್ತು. ನನಗರ ಅವರೆಲ್ಲಾ ಯಾರು ಗೊತ್ತದ?”

ಆಮೇಲೆ ಎಷ್ಟೋ ದಿನ ಅವನು ಅವಳ ಹತ್ತಿರ ಬೇಕಾದಷ್ಟು ಮಾತ್ರ ಆಡಿದ. ಉಪ್ಪು ಹಾಕು, ಬಾಗಿಲು ಹಾಕಿಕೋ, ಅಷ್ಟೇ. ತಾಯಿಗೆ ಮಾತ್ರ ಹೇಳಲಿಲ್ಲ. ಪ್ಯಾಕೆಟ್ಟನ್ನು ತಾನೇ ಮೊದಲಿನ ಜಾಗದಲ್ಲಿಟ್ಟ.

“ಮತ್ತೆ ಆ ಮೆಸೇಜು?”

“ಸೋಮವಾರ ಮುಂಜಾನಿ ಬಂದಿತ್ತಂತ. ಸಂಜೀಕ ಕೆಲಸದಿಂದ ಬಂದು ಫೋನ್ ನನ್ನ ಕೈಯಾಗ ಕೊಟ್ಟು, ಇದೇನದ ತಗದುಬಿಡು ಅಂದ್ರು. ತಗದೆ. ಎಲ್ಲಾ ತಗದೆ.”

“ಅವರು ಓದಿದ್ದರಾ?”

“ಮುಂಜಾನಿಂದ ಸಂಜೀ ಮಟಾ ಅವರ ಕೈಯಾಗ ಇತ್ತು. ಓದಿದ್ರೋ ಇಲ್ಲೋ ನಂಗೊತ್ತಿಲ್ಲ. ನಾ ಕೇಳಿಲ್ಲ, ಅವರು ಹೇಳಿಲ್ಲ.”

ಅವಳು ಅಲ್ಲಿ ಅವನ ಬಗ್ಗೆಯೂ ಬರೆದಿದ್ದಳು. ಒಳ್ಳೆಯದನ್ನೂ ಬರೆದಿದ್ದಳು, ಬೇರೆಯದನ್ನೂ. ಅದು ನನಗೂ ನೆನಪಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ.

ಕ್ಲಿನಿಕ್ಕಿನ ಗಾಜಿನ ಬಾಗಿಲು ತೆರೆದು ಅವನು ಹೊರಗೆ ಬಂದ. ಕೈಯಲ್ಲಿ ಫೈಲು. ನನ್ನನ್ನು ಕಂಡು ನಿಂತ. ನಾನು ಕೈಮುಗಿದೆ. ಅವನು ಮುಗಿಯಲಿಲ್ಲ.

“ಆವತ್ತ ನೀವು ಸಂಘದಿಂದ ಬಂದೇನಿ ಅಂದಿದ್ರಿ,” ಅಂದ.

“ತಪ್ಪು ತಿಳೀಬೇಡಿ. ಬೇರೆ ದಾರಿ ಇರಲಿಲ್ಲ.”

“ನಮ್ಮ ಅವ್ವ ಇನ್ನೂ ಕೇಳ್ತಾಳ, ಊಟದ ದಿನಾ ಯಾವಾಗ ಅಂತ.” ಫೈಲನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದ. ದನಿ ಏರಿಸದೆಯೇ ಹೇಳಿದ: “ನನ್ನ ಹೆಂಡ್ತಿ ಬಿದ್ದಾಗ ಏನ ಮಾಡಬೇಕು ಅಂತ ನಿಮಗೆಲ್ಲಾ ಗೊತ್ತಿತ್ತು. ಮಗ್ಗಲಕ್ಕ ಹೊರಳಿಸಿ ಮಲಗಸಬೇಕು, ಬಾಯಾಗ ಏನೂ ತುರುಕಬಾರದು. ಬಾಜೂಕ ಮಲಗೂ ನನಗ ಒಬ್ಬಂವಗ ಗೊತ್ತಿರಲಿಲ್ಲ. ನಾ ಮನ್ಯಾಗ ಇದ್ದ ದಿನಾ ಆಕಿ ಬಿದ್ದಿದ್ರ ನಾ ಏನ ಮಾಡ್ತಿದ್ದೆ, ಹೇಳ್ರಿ?”

ಅವನು ಉತ್ತರಕ್ಕೆ ಕಾಯಲಿಲ್ಲ. ನಂಬರು ಕರೆಯುತ್ತಾರೆ, ಒಳಗೆ ಬಾ ಅಂತ ಅವಳಿಗೆ ಹೇಳಿ ಬಾಗಿಲು ಹಿಡಿದು ನಿಂತ.

ಅವಳು ಹೋಗುವ ಮೊದಲು ನನ್ನ ಮುಂಗೈ ಒಂದು ಸಲ ಮುಟ್ಟಿದಳು. “ನೀವು ಬಂದಿದ್ದು ಚಲೋ ಆತು. ಬರದಿದ್ರ ಏನಾಗ್ತಿತ್ತೋ. ಆದ್ರ ಇನ್ನೊಮ್ಮೆ ನಮ್ಮ ಮನೀಗೆ ಬರಬ್ಯಾಡ್ರಿ,” ಅಂದಳು. ನಾನು ತಲೆಯಾಡಿಸಿದೆ. ಗಾಜಿನ ಬಾಗಿಲು ಮುಚ್ಚಿತು.

ಅಂದು ಸಂಜೆ ಅಕ್ಕನಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಹಿನ್ನೆಲೆಯಲ್ಲಿ ಅವರ ಯಜಮಾನರು ಏನೋ ಬೇಕೆಂದು ತೊದಲುತ್ತಿದ್ದದ್ದು ಕೇಳುತ್ತಿತ್ತು. ಅಕ್ಕ ಮಧ್ಯೆ ಮಾತಾಡದೆ ಪೂರ್ತಿ ಕೇಳಿಸಿಕೊಂಡರು.

“ಇವಳೊಬ್ಬಳು ನಿನ್ನ ಊರಿನಲ್ಲಿದ್ದಳು, ನೀನು ಹೋದೆ,” ಅಂದರು ಕೊನೆಗೆ. “ಉಳಿದವರು?”

ನಾಗಪುರದಲ್ಲಿ ಒಬ್ಬಳಿದ್ದಳು, ಸೂರತ್ತಿನಲ್ಲಿ ಒಬ್ಬಳು. ಇನ್ನೊಬ್ಬಳು ಯಾವ ಊರಿನವಳೆಂದು ಕೊನೆಯವರೆಗೂ ಹೇಳಿರಲಿಲ್ಲ. ಅವರೆಲ್ಲರ ಬರಹ ಸೋಮವಾರ ಬೆಳಗಿನವರೆಗೂ ಹಾಗೇ ಇದ್ದದ್ದನ್ನು ನಾನು ನೋಡಿದ್ದೆ. ಅಕ್ಕನಿಗೆ ಅವರ ಹೆಸರುಗಳನ್ನು ಹೇಳುತ್ತ ಹೋದೆ. ಅಕ್ಕ ಒಂದೊಂದಕ್ಕೂ, ಹೌದು, ನೆನಪಿದೆ ಅನ್ನುತ್ತಿದ್ದರು. ಅವರಿಗೆ ಏನಾಯಿತೆಂದು ನನಗೂ ಗೊತ್ತಿಲ್ಲ, ಅಕ್ಕನಿಗೂ ಗೊತ್ತಿಲ್ಲ.